ಚೀನಾದಲ್ಲಾದ ಜಾವಳ ಲೆಕ್ಕಕ್ಕಿಲ್ಲವಂತೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿಯ ಅಣ್ಣ ಧನರಾಜ ಮೋರಖಂಡಿಯಿಂದ ಬೈಕ್ ಹತ್ತಿ ಬಸವಕಲ್ಯಾಣದ ನಮ್ಮ ಮನೆಗೆ ಬಂದರು. ಹಿಂದಿನ ಸೀಟಿನಲ್ಲಿ ಅವರೂರ ಕ್ಷೌರಿಕ ಮಹಾದು. ತೊಡೆಯ ಮೇಲೆ ಕತ್ತರಿ, ಕತ್ತಿಯ ಪೆಟ್ಟಿಗೆ.

ಪೆಟ್ಟಿಗೆ ನನಗಾಗಿ ಬಂದದ್ದಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. (ಈ ವಯಸ್ಸಿಗೇ ನನ್ನ ತಲೆ ಬೇಸಿಗೆಯ ಕೋಟೆ ಮೈದಾನ. ಅಲ್ಲಲ್ಲಿ ಹುಲ್ಲು.)

"ಭಾಗ್ಯಾಗ ಕರೀರಿ ಅಳ್ಯಾರ," ಅಂದರು ಧನರಾಜ. "ಐದು ಮುಗದು ಆರಕ್ಕ ಬಿತ್ತಂದ್ರ ಸಮ ವರ್ಷ ಆಗ್ತದ, ಜಾವಳ ಮಾಡಂಗಿಲ್ಲ. ಇವತ್ತೇ ಮುಗಿಸಿಬಿಡೂನು."

ಭಾಗ್ಯಾ ನನ್ನ ಮಗಳು. ಅವಳ ಜಡೆ ಈಗ ಸೊಂಟ ಮುಟ್ಟುತ್ತದೆ. ಮಾವನ ಮಾತು ಕೇಳಿದ್ದೇ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಚದ ಕೆಳಗೆ ಹೋದಳು.

ಜಾವಳ ಗೊತ್ತಲ್ಲ? ಹುಟ್ಟುಗೂದಲು ತೆಗೆಸುವುದು. ನಮ್ಮ ಕಡೆ ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅದು ಅವನ ಹಕ್ಕು. ಅದನ್ನು ಕಸಿದರೆ ಹೊಲದ ಬದು ಒತ್ತಿದಷ್ಟೇ ದೊಡ್ಡ ಜಗಳ.

ಕಸಿದಾಗಿದೆ. ಭಾಗ್ಯಾಳ ಜಾವಳ ಅವಳು ತಿಂಗಳ ಕೂಸಾಗಿದ್ದಾಗಲೇ ಮುಗಿದಿದೆ. ಚೀನಾದಲ್ಲಿ. ಬೇರೊಬ್ಬ ಸೋದರಮಾವನ ತೊಡೆಯ ಮೇಲೆ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ, ಹುಮನಾಬಾದಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಬಾಟಲಿ ಅಲ್ಲಾಡಿಸುವುದು. ಅದಕ್ಕೂ ಮೊದಲು ಚೀನಾದ ಕಡಲ ಬದಿಯ ಊರೊಂದರಲ್ಲಿ ಇದೇ ಬಾಟಲಿಯನ್ನು ದೊಡ್ಡ ಸಂಬಳಕ್ಕೆ ಅಲ್ಲಾಡಿಸುತ್ತಿದ್ದೆ. ಹೆಂಡತಿ ಸುರೇಖಾಳನ್ನು ಹೆರಿಗೆಗೆ ತವರಿಗೆ ಕಳಿಸಬೇಕು ಅನ್ನುವಷ್ಟರಲ್ಲಿ ವಿಮಾನಗಳೆಲ್ಲ ನಿಂತುಬಿಟ್ಟವು. ಆ ಊರಲ್ಲಿ ಕನ್ನಡದವರು ಅಂದರೆ ನಾವಿಬ್ಬರೇ. ಬಾಣಂತನದ ಬಗ್ಗೆ ನನಗಿದ್ದ ಜ್ಞಾನ? ಅದರಲ್ಲಿ ಅಂಟಿನುಂಡೆ ಇರುತ್ತದೆ ಎಂಬುದಷ್ಟೇ.

ಎದುರು ಫ್ಲ್ಯಾಟಿನ ಚೆನ್ ಅಜ್ಜಿ ಕರೆಯದೆಯೇ ಒಳಗೆ ಬಂದಳು. ಕಿಟಕಿ ಮುಚ್ಚಿದಳು. ಫ್ಯಾನ್ ಆರಿಸಿದಳು. ಸುರೇಖಾಳ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಬಿಗಿದಳು. ನಾನು ಪ್ರೀತಿಯಿಂದ ಫ್ರಿಜ್ಜಿನ ನೀರು ಕೊಡಲು ಹೋದರೆ ಲೋಟ ಕಸಿದು ಕೈಗೆ ಒಂದು ಏಟು ಕೊಟ್ಟಳು. ಚೀನೀ ಭಾಷೆ ಬರದಿದ್ದರೂ ಆ ಬೈಗುಳ ಪೂರ್ತಿ ಅರ್ಥವಾಯಿತು. ಥೇಟ್ ನಮ್ಮತ್ತೆಯ ಧಾಟಿ.

"ಅವ್ವನೇ ಬಂದು ಕುಂತಂಗ ಆಗ್ಯದ್ರಿ," ಅಂತ ಸುರೇಖಾ ಅತ್ತಳು.

ತಿಂಗಳು ತುಂಬಿದ ದಿನ ಅಜ್ಜಿ ಕ್ಷೌರದವನನ್ನು ಕರೆತಂದಳು. ಅವರಲ್ಲೂ ಅಂದು ಹುಟ್ಟುಗೂದಲು ತೆಗೆಸುತ್ತಾರೆ, ಅಕ್ಕಪಕ್ಕದವರಿಗೆ ಕೆಂಪು ಬಣ್ಣದ ಮೊಟ್ಟೆ ಹಂಚುತ್ತಾರೆ. ಮೊಟ್ಟೆಯ ಡಿಪಾರ್ಟ್‌ಮೆಂಟ್ ನನ್ನದು. ಏಳು ತಲೆಮಾರಿನಿಂದ ಮೊಟ್ಟೆ ಮುಟ್ಟದ ಮನೆತನ ನಮ್ಮದು. ಬಣ್ಣ ಹಚ್ಚು ಅಂದರು, ಹಚ್ಚಿದೆ. ಮೊದಲು ಕುದಿಸಬೇಕು ಅಂತ ನನಗೆ ಯಾರು ಹೇಳಬೇಕು? ಇಡೀ ಬಿಲ್ಡಿಂಗಿಗೆ ಹಸಿ ಮೊಟ್ಟೆ ಹಂಚಿ ಬಂದೆ. ಮೇಲಿನ ಮನೆಯ ಯಜಮಾನರು ಲಿಫ್ಟಿನಲ್ಲೇ ಸುಲಿಯಲು ಹೋಗಿ ಇಸ್ತ್ರಿ ಅಂಗಿಯ ಮೇಲೆಲ್ಲ ಸುರಿದುಕೊಂಡರು. ನಾವು ಊರು ಬಿಡುವ ತನಕ ನನ್ನನ್ನು ಕಂಡರೆ ಅವರು ಮೆಟ್ಟಿಲು ಹತ್ತುತ್ತಿದ್ದರು.

ಕತ್ತರಿ ಇಡುವ ಮುನ್ನ ಅಜ್ಜಿ ನನ್ನ ಫೋನಿನ ಅನುವಾದದ ಆ್ಯಪಿಗೆ ಏನೋ ಹೇಳಿದಳು. ಫೋನು ಗಂಭೀರವಾಗಿ ಕೇಳಿತು: ತಾಯಿಯ ಅಣ್ಣನೋ ತಮ್ಮನೋ ಎಲ್ಲಿ? ಅವನು ಹಿಡಿದುಕೊಳ್ಳದೆ ತಲೆ ಮುಟ್ಟುವಂತಿಲ್ಲ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೋರಖಂಡಿಯ ಕಾಯ್ದೆ ಇಲ್ಲಿಗೆ ಹೇಗೆ ಬಂತು?

ಧನರಾಜರಿಗೆ ಫೋನ್ ಮಾಡಿದೆ. ಹೊಲದಲ್ಲಿದ್ದರು, ಲೈನ್ ಹತ್ತಲಿಲ್ಲ. ಆಗ ಅಜ್ಜಿ ತನ್ನ ಮಗ ಮಿಂಗ್‌ನನ್ನು ಕೂಗಿದಳು. ಪಾರ್ಸೆಲ್ ಹಂಚುವ ಹುಡುಗ. ಹೆಲ್ಮೆಟ್ ತೆಗೆದ, ಕೈ ತೊಳೆದ, ಕುರ್ಚಿಯ ಮೇಲೆ ನೆಟ್ಟಗೆ ಕೂತು ತೊಡೆ ಒಡ್ಡಿದ. ಬೇಡ, ಊರಿಗೆ ಹೋದ ಮೇಲೆ ನೋಡೋಣ ಅನ್ನಬಹುದಿತ್ತು. ಅನ್ನಲಿಲ್ಲ. ಸುರೇಖಾಳೇ ಮಗುವನ್ನು ಅವನ ತೊಡೆಯ ಮೇಲಿಟ್ಟಳು. ನಾನು ಫೋಟೊ ತೆಗೆದೆ.

ಆ ಫೋಟೊ ಮೋರಖಂಡಿ ಮುಟ್ಟಿದ ದಿನದಿಂದ ಧನರಾಜ ನಮ್ಮ ಮನೆಯಲ್ಲಿ ಚಹಾ ಕುಡಿದಿಲ್ಲ. ಕಳೆದ ಭಾನುವಾರ ಅದಕ್ಕೆಲ್ಲ ಮಂಗಳ ಹಾಡಲು ಬಂದಿದ್ದರು.

"ಆಗಿದ್ದು ಆಗ್ಯದ, ಅಣ್ಣಾ. ಎರಡೆರಡು ಸಲ ಜಾವಳ ಯಾರು ಮಾಡ್ತಾರ?" ಸುರೇಖಾ ಕೇಳಿದಳು.

"ನಾ ಸತ್ತಿದ್ನೇನು? ಯಾವನೋ ಪಾರ್ಸಲ್‌ನಂವ ಬಂದು ಕುಂತ್ರ ಮಾವ ಆಗ್ತಾನ?"

ಮಹಾದು ಮಧ್ಯೆ ಬಾಯಿ ಹಾಕಿದ: "ಪೂರಾ ಬೋಳಿಸೂದು ಬ್ಯಾಡ್ರಿ ದಣಿ. ತುದೀಗಿ ಬೆರಳಷ್ಟು ಕತ್ತರಿಸ್ತೀನಿ. ಖೇಲ್ ಖತಂ."

ಧನರಾಜ ಯೋಚಿಸಿದರು. "ಹಾಂ, ಅಷ್ಟ ಸಾಕು. ಆದ್ರ ಒಂದು ಮಾತು. ಸಂಜೀಕ ನಮ್ಮನ್ಯಾಗ ಜಾವಳದ ಊಟಕ್ಕ ಮಂದೀಗಿ ಹೇಳೀನಿ, ಅವರ ಮುಂದ ನೀವಿಬ್ರೂ ಹೇಳ್ಬೇಕು. ಚೀನಾದಾಗ ಆಗಿದ್ದು ಜಾವಳ ಅಲ್ಲ, ಬರೀ ಕಟಿಂಗ್ ಅಂತ."

ನನಗೆ ಡೀಲ್ ಚೆನ್ನಾಗಿಯೇ ಕಂಡಿತು. ಬೆರಳಷ್ಟು ಕೂದಲು, ಒಂದು ಸುಳ್ಳು, ಮೇಲೆ ಹೋಳಿಗೆ ಊಟ. ಹೂಂ ಅನ್ನಲು ಬಾಯಿ ತೆರೆದೆ. (ನನ್ನ ಬೆನ್ನುಮೂಳೆ ಎಂಥದ್ದು ಎಂದು ಹಳೆಯ ಓದುಗರಿಗೆ ಹೇಳಬೇಕಿಲ್ಲ.)

"ಅನ್ನಂಗಿಲ್ಲ," ಅಂದಳು ಸುರೇಖಾ. "ಕೂದಲ ಬೇಕಾರ ಬೆರಳಷ್ಟಲ್ಲ, ಮೊಳ ಒಯ್ಯಿ, ಕೂಸು ಒಪ್ಪಿದ್ರ. ಆ ಮಾತು ಮಾತ್ರ ಅನ್ನಂಗಿಲ್ಲ. ಕೂಸು ಅಂವನ ಪ್ಯಾಂಟ್ ಮ್ಯಾಲ ಉಚ್ಚಿ ಹೊಯ್ತು. ಕತ್ತಿ ತಾಕೀತಂತ ಅಂವ ಮಿಸುಕಾಡಲಿಲ್ಲ. ನೀ ಇದ್ದಿದ್ರ ಹಂಗೇ ಕುಂಡ್ರತಿದ್ದಿ."

ಧನರಾಜ ಕತ್ತರಿಯ ಪೆಟ್ಟಿಗೆ ಮುಚ್ಚಿದರು.

"ಹಂಗಾರ ನಾ ಯಾರು?"

"ನೀನೂ ಮಾವನೇ ಅಣ್ಣಾ."

"ನೀನೂ ಅಂದ್ರ?"

ಎದ್ದರು. ಬೈಕ್ ಸ್ಟಾರ್ಟ್ ಮಾಡಿ ಹೊರಟೇಬಿಟ್ಟರು, ಸಿಟ್ಟಿನಲ್ಲಿ ಮಹಾದುವನ್ನು ಇಲ್ಲೇ ಮರೆತು. ಬಂದ ತಪ್ಪಿಗೆ ಅವನು ನನ್ನ ಗಡ್ಡ ಕೆರೆದು, ಚಹಾ ಕುಡಿದು, ಶೇರ್ ಆಟೊ ಹಿಡಿದ.

ಅಂದಿನಿಂದ ಫೋನೋ ಫೋನು. ಮುಡಬಿಯ ಚಿಕ್ಕಮ್ಮ ದಿನಾ ಬುದ್ಧಿ ಹೇಳುತ್ತಾಳೆ: "ಒಂದು ಮಾತು ಅಂದುಬಿಡ್ರಿ, ಆ ಚೀನಾದಂವ ಏನ್ ಕೇಳಾಕ ಬರ್ತಾನೇನು?"

ಬರುವುದಿಲ್ಲ ಚಿಕ್ಕಮ್ಮ. ಅವನ ಪರವಾಗಿ ಮಾತಾಡಲು ಇಲ್ಲಿ ಯಾರೂ ಇಲ್ಲ, ಅದಕ್ಕೇ ಅನ್ನುವುದಿಲ್ಲ. ಈ ಭಾನುವಾರ ಮೂವರೂ ಮೋರಖಂಡಿಗೆ ಹೋಗುತ್ತೇವೆ. ಧನರಾಜ ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇವೆ. ಬೈದರೆ ಬೈಸಿಕೊಳ್ಳುತ್ತೇವೆ (ನನಗೆ ಪ್ರಾಕ್ಟೀಸ್ ಇದೆ). ಅವರು ಅವಳ ಮಾವ, ಅದರಲ್ಲಿ ಎರಡು ಮಾತಿಲ್ಲ. ಮಿಂಗ್ ಕೂಡ ಮಾವ, ಅದರಲ್ಲೂ ಇಲ್ಲ.

ಒಂದು ತಲೆಗೆ ಇಬ್ಬರು ಸೋದರಮಾವಂದಿರಾದರೆ, ಆ ತಲೆ ಹೊತ್ತ ಹುಡುಗಿಗೇ ಆಗದ ಭಾರ ಊರಿಗೆ ಯಾಕೆ ಆಗಬೇಕು?