ಒಂದೇ ಸಲ ನುಡಿಸಿದ ಹಾಡು

ಫ್ಯಾನ್ ರಿಪೇರಿ ಅಂಗಡಿಯ ಈ ಮನುಷ್ಯನನ್ನು ಬೀದಿಯವರೆಲ್ಲ ‘ಡ್ರಮ್ಮಣ್ಣ’ ಎನ್ನುತ್ತಾರೆ. ಕೆಟ್ಟ ಫ್ಯಾನು ತಂದವರು ಯಾರೂ ಅವನ ರಾಕ್ ಬ್ಯಾಂಡಿನ ಕಥೆ ಕೇಳದೆ ಮೆಟ್ಟಿಲಿಳಿದದ್ದಿಲ್ಲ. ನಾಲ್ವರು ಗೆಳೆಯರ ಆ ಬ್ಯಾಂಡು ಬದುಕಿದ್ದು ಹನ್ನೊಂದು ತಿಂಗಳು. ಇವನು ಡ್ರಮ್ಮಿನ ಜೊತೆಗೆ ತಗಡಿನ ಡಬ್ಬ, ಸೈಕಲ್ ಚಕ್ರ, ಸಭಾಂಗಣದ ಕುರ್ಚಿಗಳನ್ನೂ ಬಾರಿಸುತ್ತಿದ್ದ. ಕುರ್ಚಿಗಳು ಹೇಗೂ ಖಾಲಿಯಿರುತ್ತಿದ್ದವು. ಕೊನೆಯ ಕಾರ್ಯಕ್ರಮಕ್ಕೆ ಬಂದವರು ಹಾಡುಗಾರನ ತಾಯಿ ಒಬ್ಬರೇ. “ನಮ್ದು ಒಂದೇ ನಿಯಮ ಸಾರ್, ಒಂದ್ಸಲ ನುಡಿಸಿದ ಹಾಡನ್ನ ಮತ್ತೆ ನುಡಿಸೋ ಹಾಗಿಲ್ಲ, ರೆಕಾರ್ಡ್ ಮಾಡೋ ಹಾಗೂ ಇಲ್ಲ,” ಎಂದು ಸ್ಕ್ರೂಡ್ರೈವರ್ ಎತ್ತಿ ಹೇಳುವಾಗ ಅವನ ಎದೆ ಎರಡಂಗುಲ ಉಬ್ಬುತ್ತದೆ. “ಕಥೆಗೂ ಅದೇ ನಿಯಮ ಇಟ್ಕೊಂಡಿದ್ರೆ ನಾನು ಬದುಕ್ಕೊಳ್ತಿದ್ದೆ,” ಎಂದು ಹೆಂಡತಿ ಒಳಗಿನಿಂದ ಹೇಳುತ್ತಾಳೆ. ಮಗಳ ಮದುವೆಯಲ್ಲಿ ಬೀಗರು ಬೇಡಿಕೊಂಡರೂ ಅವನು ಹಳೆಯ ಒಂದು ತಾಳವನ್ನೂ ಬಾರಿಸಲಿಲ್ಲ. ಆ ಹಾಡುಗಾರ ಈಗ ತೀರಿಕೊಂಡಿದ್ದಾನೆ. ಆದರೆ ಅವನ ತಾಯಿ ತಿಂಗಳಿಗೊಮ್ಮೆ ಪುಟ್ಟ ಟೇಬಲ್ ಫ್ಯಾನನ್ನು ಕಂಕುಳಲ್ಲಿಟ್ಟುಕೊಂಡು ಬಂದು, “ಮತ್ತೆ ಏನೋ ಸದ್ದು ಮಾಡ್ತಿದೆ, ನೋಡಪ್ಪಾ,” ಎನ್ನುತ್ತಾರೆ. ಫ್ಯಾನಿಗೆ ಏನೂ ಆಗಿಲ್ಲವೆಂಬುದು ಇಬ್ಬರಿಗೂ ಗೊತ್ತು. ಅವನು ಜಾಲರಿ ಬಿಚ್ಚಿ, ಧೂಳು ಒರೆಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ರೆಕ್ಕೆಯ ಮೇಲೆ ಅವರ ಮಗನ ಕೊನೆಯ ಹಾಡಿನ ತಾಳವನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸುತ್ತಾನೆ. ಆಕೆ ಕಣ್ಣು ಮುಚ್ಚಿ ತುಟಿಯಲ್ಲೇ ಹಾಡಿಕೊಳ್ಳುತ್ತಾರೆ. ಒಳಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸುತ್ತಾಳೆ. ಹಾಡು ಮುಗಿದ ಮೇಲೆ ಅವನು ಜಾಲರಿಯನ್ನು ಮತ್ತೆ ಕೂರಿಸಿ, “ಸರಿಯಾಗಿದೆಯಮ್ಮ,” ಎನ್ನುತ್ತಾನೆ, “ಆದ್ರೂ ಬರೋ ತಿಂಗಳು ಒಂದ್ಸಲ ತನ್ನಿ, ನೋಡೋಣ.”