ಗುಂಡ್ಲುಪೇಟೆಯಲ್ಲಿ ಕಟ್ಟಿದ ಚೀನೀ ಹಡಗು

ಎಂದಿನಂತಿದ್ದ ಕೊನೆಯ ದಿನ ಒಂದು ಮಂಗಳವಾರ. ಅಂದು ನಮ್ಮವರು ಗುಂಡ್ಲುಪೇಟೆಯ ನಮ್ಮ ಮನೆಯ ಮುಂದೆ ಯಾರದೋ ಬಾಗಿಲಿಗೆ ಉಜ್ಜುಗೊರಡು ಹೊಡೆಯುತ್ತಿದ್ದರು. ನಾನು ಪಕ್ಕದಲ್ಲೇ ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಹುರುಳಿ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅವರು, ಆಗಿಲ್ಲವೆಂದು ನಾನು, ಊಟ ಮುಗಿಯುವವರೆಗೂ ವಾದ ಮಾಡಿದೆವು. ಜಾಸ್ತಿಯೇ ಆಗಿತ್ತು; ಈಗ ಒಪ್ಪಿಕೊಳ್ಳುತ್ತಿದ್ದೇನೆ. ಬುಧವಾರ ಬೆಳಿಗ್ಗೆ ಸಿನಿಮಾದವರು ಬಂದರು. ಆಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ಹಡಗಿನದೇ ಮಾತು. ಹಡಗಿನ ಕೆಲಸ ಮುಗಿದ ಮೂರನೇ ವಾರ, ಎದೆನೋವೆಂದು ಕೂತ ನಮ್ಮವರು ಮತ್ತೆ ಏಳಲಿಲ್ಲ.

ವರ್ಷವಾಯಿತು. ಆ ಹಡಗು ನೆನಪಾದರೆ ನನಗೆ ಈಗಲೂ ನಗು ಬರುತ್ತದೆ. ಗಂಡನನ್ನು ಕಳೆದುಕೊಂಡವಳು ಒಬ್ಬಳೇ ಕೂತು ನಕ್ಕರೆ ನೋಡಿದವರು ಹೆದರುತ್ತಾರೆ. ಅದಕ್ಕೇ ಕಾಗದದ ಮೇಲೆ ನಗುತ್ತಿದ್ದೇನೆ. ನೀವು ಹೆದರಬೇಡಿ.

ನಮ್ಮ ಕಡೆಯ ಬೆಟ್ಟ, ಸೂರ್ಯಕಾಂತಿ ಹೊಲ ನೋಡಿ ಸಿನಿಮಾದವರು ಆಗಾಗ ಬರುವುದುಂಟು. ಎತ್ತಿನ ಗಾಡಿ, ಒರಳು, ಹಳೇ ತೊಟ್ಟಿಲು, ಏನು ಕೇಳಿದರೂ ನಮ್ಮವರು ಹುಡುಕಿಕೊಡುತ್ತಿದ್ದರು. ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತೇ ಇರಲಿಲ್ಲ. ಉಪ್ಪಿನ ವಿಷಯ ಬಿಟ್ಟು. ಆ ಬುಧವಾರ ಬಂದ ಕಲಾ ನಿರ್ದೇಶಕರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು.

“ಆಚಾರ್ರೇ, ಇದು ಚೀನೀಯರ ಹಳೇ ಕಾಲದ ಹಾಯಿ ಹಡಗು. ನನಗೆ ಅಸಲಿ ಬೇಕು. ಕೊಚ್ಚಿವರೆಗೂ ಹೋಗಿ ಬಂದೆ. ಚೀನೀ ಬಲೆ ಸಿಕ್ಕಿತು, ಹಡಗು ಸಿಗಲಿಲ್ಲ.”

ಸಮುದ್ರದ ದಡದಲ್ಲಿ ಸಿಗದ ಹಡಗನ್ನು ಗುಂಡ್ಲುಪೇಟೆಯಲ್ಲಿ ಹುಡುಕುವವರಿಗೆ ನೀವಾದರೆ ಏನು ಹೇಳುತ್ತಿದ್ದಿರಿ? ನಮ್ಮವರು “ನೋಡನ ಬುಡಿ ಸಾ” ಅಂದರು.

ನೋಡಿದ್ದೇ ನೋಡಿದ್ದು. ಜೊತೆಗೆ ಗೌಸಣ್ಣ. ಲಾರಿಗಳಿಗೆ ಟಾರ್ಪಾಲು ಹೊಲಿಯುವ ಗೌಸಣ್ಣ ನಮ್ಮವರಿಗೆ ಒಂದನೇ ಕ್ಲಾಸಿನಿಂದ ಗೆಳೆಯ. ಇಬ್ಬರೂ ಮೊಪೆಡ್ಡಿನಲ್ಲಿ ಕಬಿನಿ ಹಿನ್ನೀರಿನವರೆಗೂ ಹೋದರು. ಅಲ್ಲಿ ಬಿದಿರು ಬುಟ್ಟಿಯಂಥ ಹರಿಗೋಲು ಸಿಕ್ಕಿತು. ನಮ್ಮವರು ಅದನ್ನೇ ಒಪ್ಪಿಸಲು ನೋಡಿದಾಗ ಗೌಸಣ್ಣ, “ಅಣ್ಣ, ಇದ ನೋಡುದ್ರೆ ಚೀನಾದವ್ರು ಮಂಕ್ರಿ ಅಂತಾರೆ ಕಣಣ್ಣ” ಅಂದರಂತೆ. ಕೇರಳದ ಗಡಿ ಕಡೆಯ ಮದ್ದೂರಿನ ದಾರಿಯಲ್ಲಿ ಒಬ್ಬ ಮಲಯಾಳಿ ಚಹಾದಂಗಡಿಯವರು ತಮ್ಮ ಭಾವಮೈದುನನ ಹತ್ತಿರ ಖಂಡಿತ ಇದೆ ಎಂದು ನಂಬಿಸಿ, ಕೊನೆಗೆ ಕ್ಯಾಲೆಂಡರಿನಲ್ಲಿದ್ದ ದೋಣಿಮನೆ ತೋರಿಸಿದರು.

ಒಂಬತ್ತನೇ ದಿನ ಚಾಮರಾಜನಗರದ ಆಚೆ ಚಂದಕವಾಡಿಯಿಂದ ನಮ್ಮವರ ಫೋನು ಬಂತು. “ಅಮ್ಮಿ, ಚೀನಾ ಸಿಕ್ಬುಡ್ತು ಕಣೆ.”

ಅವರಿಗೆ ಸಿಕ್ಕಿದ್ದು ಚಂದ್ರಿಕೆ. ರೇಷ್ಮೆ ಹುಳ ಹಣ್ಣಾದಾಗ ಗೂಡು ಕಟ್ಟಲೆಂದು ಬಿಡುವ, ಬಾಗಿಲಗಲದ ಬಿದಿರಿನ ತಟ್ಟಿ. ಈಗ ಪ್ಲಾಸ್ಟಿಕ್ಕಿನವು ಬಂದಿರುವುದರಿಂದ ಹಳೆಯವು ಹಟ್ಟಿಯ ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು. ಚಿತ್ರದ ಹಡಗಿನ ಹಾಯಿಗೂ ಹಾಗೆಯೇ ಅಡ್ಡಡ್ಡ ಬಿದಿರಿನ ಪಟ್ಟಿ. ಒಂದರ ಕೆಳಗೊಂದು ಹೊಲಿದರೆ ಥೇಟ್ ಅದೇ. ನನ್ನ ಹೈಸ್ಕೂಲಿನ ಅರ್ಧಂಬರ್ಧ ವಿದ್ಯೆ ಆಗ ಕೆಲಸಕ್ಕೆ ಬಂತು. ಹಳೆಯ ಕಾವ್ಯಗಳಲ್ಲಿ ರೇಷ್ಮೆಗೆ ಚೀನಾಂಬರ ಅನ್ನುತ್ತಾರೆಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದರು. ಹುಳುವೇ ಚೀನಾದ್ದು ಅಂದಮೇಲೆ ಅದರ ಹಾಸಿಗೆಯೂ ಚೀನಾದ್ದೇ ತಾನೆ? ಈ ವಾದಕ್ಕೆ ಕಲಾ ನಿರ್ದೇಶಕರು ‘ಆಯಿತು, ಕಟ್ಟಿ’ ಅಂದುಬಿಟ್ಟರು. ಅವರಿಗೂ ಸಾಕಾಗಿತ್ತು.

ಮೀನು ಹಿಡಿಯುವ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹೊಡೆದು, ನಮ್ಮವರು ಹಡಗು ಎಬ್ಬಿಸಿದರು. ಹಾಯಿ ಹೊಲಿಯುವ ಕೆಲಸ ನನಗೂ ಗೌಸಣ್ಣನಿಗೂ ಬಂತು. ದಬ್ಬಳ ಹಿಡಿದು ನಾಲ್ಕು ದಿನ ಹೊಲಿದೆವು. ಅಭ್ಯಾಸ ನೋಡಿ, ರವಿಕೆಗೆ ಬಿಡುವ ಹಾಗೆ ಹಾಯಿಗೂ ಎರಡೂ ಕಡೆ ಒಂದೊಂದು ಇಂಚು ಒಳಗೆ ಬಿಟ್ಟೆ, ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಅಂತ.

ಶೂಟಿಂಗಿಗೆ ಗೊತ್ತುಮಾಡಿದ್ದ ಕೆರೆಗೆ ಹಡಗು ಇಳಿಸುವ ದಿನ ಜಗಳವಾಯಿತು. ಹೊಸ ಬಂಡಿ ಪೂಜೆಯಿಲ್ಲದೆ ಹೊರಡುತ್ತದೆಯೇ? ಹಡಗಿಗೆ ಚಕ್ರವಿಲ್ಲದ್ದರಿಂದ ಅದನ್ನು ಹೊತ್ತಿದ್ದ ಟ್ರ್ಯಾಕ್ಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು. ಹಡಗಿನ ಹಿಂದೆ ಒಂದು ಹಳೇ ಚಪ್ಪಲಿ ಕಟ್ಟಿದೆವು. ಮುಂಭಾಗದಲ್ಲಿ ನಮ್ಮವರು, ದೃಷ್ಟಿ ತಾಗದಿರಲೆಂದು, ಎಡಕ್ಕೊಂದು ಬಲಕ್ಕೊಂದು ದೊಡ್ಡ ಕಣ್ಣು ಬರೆದುಬಿಟ್ಟಿದ್ದರು. ಕಲಾ ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತರು.

“ಇದೇನು ಲಾರಿನಾ ಆಚಾರ್ರೇ? ಅಳಿಸಿ.”

“ಏನ್ ಬೇಕಾರೂ ಅಳುಸ್ತೀನಿ ಸಾ, ಕಣ್ಣ ಅಳ್ಸಾಕಿಲ್ಲ. ಇಷ್ಟು ಜನ ನೋಡ್ತಾವ್ರೆ, ದಿಷ್ಟಿ ಆಗಾಕಿಲ್ವಾ?”

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೊರಗಿನವರಿಗೆ ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಪ್ಪನ್ನು ತೋರಿಸಿಕೊಡಲೆಂದು ಕಲಾ ನಿರ್ದೇಶಕರು ಫೋನು ತೆಗೆದು ಒಂದೊಂದೇ ಚಿತ್ರ ಸರಿಸಿದರು. ಒಂದನ್ನು ಬೆರಳಿನಿಂದ ಹಿಗ್ಗಿಸಿ, ಫೋನನ್ನು ಮುಖದ ಹತ್ತಿರ ತಂದು ನೋಡಿದರು. ಅಸಲಿ ಹಡಗಿನ ಮೂತಿಯಲ್ಲೂ, ಮಾಸಲು ಬಣ್ಣದಲ್ಲಿ, ಒಂದು ಗುಂಡನೆಯ ಕಣ್ಣಿತ್ತು.

ಗೌಸಣ್ಣ ಇಣುಕಿ ನೋಡಿ, “ಅವ್ರೂ ನಮ್ಮಂಗೇ ಹೆದ್ರಕತಾರೆ ಬುಡಿ ಸಾ” ಅಂದರು.

ಆ ಇಡೀ ಹಡಗಿನಲ್ಲಿ ಅಪ್ಪಟ ಚೀನಾದ್ದೆಂದರೆ ಅದೊಂದೇ; ಅದನ್ನೂ ಯಾರೂ ಕೇಳದೆ ನಾವೇ ಹಾಕಿದ್ದು. ಚಪ್ಪಲಿ ಮಾತ್ರ ಬಿಚ್ಚಬೇಕಾಯಿತು.

ಶೂಟಿಂಗಿನ ದಿನ ನಮ್ಮೆಲ್ಲರ ಫೋನನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡರು, ಯಾರೂ ವಿಡಿಯೊ ತೆಗೆಯಬಾರದೆಂದು. ಚುಕ್ಕಾಣಿ ಹಿಡಿಯಲು ಬಂದಿದ್ದ ನಟನ ಕೈಗೆ ಹಡಗು ಬಗ್ಗದೆ ಗಿರಗಿರ ಸುತ್ತಿತು. ಕೊನೆಗೆ ನಮ್ಮವರಿಗೇ ಗದ್ದಕ್ಕೆ ಗಡ್ಡ ಅಂಟಿಸಿ, ಓಲೆಗರಿಯ ಟೋಪಿ ಇಟ್ಟು ನಿಲ್ಲಿಸಿದರು. “ಏನಾದರೂ ಕೂಗುತ್ತಿರಿ ಸಾಕು” ಅಂದರಂತೆ. ಹಲಗೆಯ ಕೆಳಗೆ ಅಡಗಿ ಕುಳಿತು ಬಿದಿರು ಗಳ ಊರುತ್ತಿದ್ದವರು ಗೌಸಣ್ಣ. ಗಾಳಿ ಬೀಸಿತು, ಹುಳದ ಹಾಸಿಗೆ ಉಬ್ಬಿತು, ಚೀನೀ ನಾವಿಕ ಕೆರೆಯೆಲ್ಲ ಕೇಳುವಂತೆ ಕೂಗಿದ: “ಲೇ ಗೌಸು, ಎಡಕ್ ಒತ್ಲಾ, ಎಡಕ್ಕೆ. ಅದು ಬಲ ಕಣ್ಲಾ. ನಿನ್ ಕೈಗ್ ದಬ್ಬಳ ಕೊಟ್ಟವ್ರ್ಯಾರ್ಲಾ.” ನಾನು ದಡದಲ್ಲಿ ನಕ್ಕು ನಕ್ಕು ಕೂತುಬಿಟ್ಟೆ.

ನಮ್ಮವರು ಹೋದಮೇಲೆ ನನ್ನ ಫೋನಿನಲ್ಲಿ ಹುಡುಕಿದೆ. ಫೋಟೋ ಇದ್ದವು, ದನಿ ಇರಲಿಲ್ಲ. ಸದಾ ಪಕ್ಕದಲ್ಲೇ ಮಾತಾಡುವವರ ಮಾತನ್ನು ತೆಗೆದಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಸಿನಿಮಾದಲ್ಲಿ ಇದೆಯಲ್ಲ ಅಂದುಕೊಂಡು ವರ್ಷ ಕಳೆದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಯಾರನ್ನು ಕಂಡರೂ ಆ ಸಿನಿಮಾ ಯಾವಾಗ ಬರುತ್ತದೆ ಅಂತ ಕೇಳಿದೆ.

ಹೋದ ತಿಂಗಳು ಚಾಮರಾಜನಗರಕ್ಕೆ ಬಂತು. ಗೌಸಣ್ಣನ ಮನೆಯವರೆಲ್ಲರ ಜೊತೆ ಹೋದೆ. ಮಧ್ಯಂತರ ಕಳೆದು ಹಡಗು ಬಂದಾಗ ಜನ ಶಿಳ್ಳೆ ಹೊಡೆದರು. ನಮ್ಮವರ ಮುಖ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಬಾಯಿ ತೆರೆದರು. ಯಾರೋ ಬೇರೆಯವರ ಗಡಸು ದನಿಯಲ್ಲಿ ಚೀನೀ ಭಾಷೆ ಬಂತು. ಕೆಳಗೆ ಕನ್ನಡದ ಅಕ್ಷರ: ‘ಓ ಸಾಗರ ಮಾತೆ, ನಮಗೆ ದಾರಿ ತೋರು.’

ಗೌಸಣ್ಣ ನನ್ನ ಕಡೆ ಬಗ್ಗಿ, “ಅಕ್ಕ, ಅಣ್ಣ ಬಯ್ತಾ ಇರೋದು ನನ್ನ ಕಣಕ್ಕ” ಅಂದರು. ಇಬ್ಬರಿಗೂ ತಡೆಯಲಾರದ ನಗು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಮಾರನೇ ದಿನ ಮತ್ತೆ ಹೋಗಿ ನೋಡಿದೆ. ತುಟಿ ಅವರದೇ, ಒಂದೊಂದು ಅಕ್ಷರವೂ ನನಗೆ ತಿಳಿಯುತ್ತದೆ. ದನಿ ಮಾತ್ರ ಎಲ್ಲೂ ಇಲ್ಲ.