ಗೋಡೆಯ ಆಚೆ ಡ್ರಮ್ಸ್, ಈಚೆ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೊರಟರೆ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಾಳೆ. ನನ್ನದು ಕನ್ನಡಕದ ಅಂಗಡಿ, ಆ ಗಾಜನ್ನು ನೋಡಿದರೇ ಮನೆಯ ಅರ್ಧ ಗುಟ್ಟು ಗೊತ್ತಾಗುತ್ತದೆ. ಅಂಥವಳು ಎರಡು ವರ್ಷ ಒಂದೇ ಸುಳ್ಳನ್ನು ಸಾಕಿಕೊಂಡು ಬಂದಳು ಎಂದರೆ ಎಷ್ಟು ಆಸೆ ಇತ್ತೋ ನೀವೇ ಯೋಚಿಸಿ.

ಇಪ್ಪತ್ತೆರಡು ವರ್ಷ ಅವಳು ಊರಿನ ದೊಡ್ಡ ಸಭಾಂಗಣದ ಚೀಲದ ಕೌಂಟರಿನಲ್ಲಿ ಕೂತಿದ್ದಳು. ಬಂದವರ ಚೀಲ, ಹೆಲ್ಮೆಟ್, ಛತ್ರಿ ಇಸಿದುಕೊಂಡು ನಂಬರಿನ ಬಿಲ್ಲೆ ಕೊಡುವುದು, ಮುಗಿದ ಮೇಲೆ ಬಿಲ್ಲೆ ನೋಡಿ ವಾಪಸ್ ಕೊಡುವುದು. ಒಂದೇ ಒಂದು ಚೀಲ ಉಳಿದಿದ್ದರೂ ಜಾಗ ಬಿಟ್ಟು ಏಳುವ ಹಾಗಿಲ್ಲ. ಹೀಗಾಗಿ ಊರಿಗೆ ಬಂದ ರಾಕ್ ಬ್ಯಾಂಡುಗಳೆಲ್ಲ ಅವಳ ಬೆನ್ನ ಹಿಂದೆಯೇ ಹಾಡಿ ಹೋದವು. ಒಂದನ್ನೂ ಅವಳು ಕಣ್ಣಿಂದ ನೋಡಲಿಲ್ಲ.

ಕೌಂಟರಿನ ಹಿಂದಿನ ಗೋಡೆಯೇ ವೇದಿಕೆಯ ಹಿಂಗೋಡೆ. ಹಾಡುಗಾರನ ದನಿ ಅದನ್ನು ದಾಟಿ ಬರುತ್ತಿರಲಿಲ್ಲ, ಗಿಟಾರೂ ಅಷ್ಟಕ್ಕಷ್ಟೇ. ಸ್ಪಷ್ಟವಾಗಿ ಬರುತ್ತಿದ್ದದ್ದು ಡ್ರಮ್ಸ್ ಮಾತ್ರ. ಮನೆಯಲ್ಲಿ ರಾಕ್ ಹಾಡು ಹಾಕಿದರೆ ನಾವೆಲ್ಲ ಪದ ಗುನುಗುತ್ತಿದ್ದೆವು, ಅವಳು ಊಟದ ಮೇಜು ಬಡಿಯುತ್ತಿದ್ದಳು. "ಅಕ್ಕಾ, ತಟ್ಟೆ ಒಡೆಯುತ್ತೆ" ಎಂದು ಅಮ್ಮ ಗದರಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೆ ಮೇಜು ಬಡಿಯುವುದೂ ನಿಂತಿತು. ಆಗ ನಾನೇ ಅವಳನ್ನು ಫ್ರೇಮಣ್ಣನ ಅಂಗಡಿಗೆ ಎಳೆದುಕೊಂಡು ಹೋದೆ. ಅವನು ಫೋಟೋಗಳಿಗೆ ಕಟ್ಟು ಹಾಕುವವನು. ಭಾನುವಾರ ಬೆಳಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಮತ್ತು ಮರದ ಪಟ್ಟಿಗಳ ನಡುವೆ, ಏಳೆಂಟು ಜನ ರಾಕ್ ಹುಚ್ಚರು ಸೇರುತ್ತಾರೆ. ಒಬ್ಬೊಬ್ಬರೂ ತಮಗಿಷ್ಟದ ಹಾಡೊಂದನ್ನು ಹಾಕಬೇಕು, ತಾವು ನೋಡಿದ ಒಂದು ಕಾರ್ಯಕ್ರಮದ ಕಥೆ ಹೇಳಬೇಕು. ಕಣ್ಣಾರೆ ಕಂಡದ್ದೇ ಆಗಬೇಕು, ಕೇಳಿದ್ದು ನಡೆಯುವುದಿಲ್ಲ. ಫ್ರೇಮಣ್ಣ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು.

ಮೊದಲ ದಿನವೇ ಅವಳ ಸರದಿ ಬಂತು. ದೊಡ್ಡಮ್ಮ ಕನ್ನಡಕ ಒರೆಸುತ್ತ, ಮೂವತ್ತು ವರ್ಷದ ಹಿಂದೆ ಬಂದಿದ್ದ ಬ್ಯಾಂಡೊಂದರ ಹೆಸರು ಹೇಳಿ, "ಮೂರನೇ ಸಾಲಲ್ಲಿ ಕೂತಿದ್ದೆ" ಅಂದುಬಿಟ್ಟಳು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಅಂದಿನಿಂದ ಅವಳಿಗೆ ಕಿಟಕಿ ಪಕ್ಕದ ಕುರ್ಚಿ ಮೀಸಲು. ಶನಿವಾರವೇ ಬಟ್ಟೆ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದಳು. ವಾರದ ಉಳಿದ ಆರು ದಿನ ಅವಳ ಜೊತೆ ಮಾತಾಡಲು ನಮ್ಮ ಮನೆಯವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಹೋದ ತಿಂಗಳು ಫ್ರೇಮಣ್ಣ ನಗುನಗುತ್ತ ಬಾಂಬು ಹಾಕಿದ. "ನಿಮ್ಮ ಆ ಬ್ಯಾಂಡಿನ ಡ್ರಮ್ಮರ್ ಸಿಕ್ಕಿದಾರೆ ಕಣಮ್ಮಾ! ಈಗ ಕಾರು ಓಡಿಸೋದು ಕಲಿಸ್ತಾರಂತೆ. ಮೊಮ್ಮಗಳ ಫೋಟೋಗೆ ಫ್ರೇಮ್ ಹಾಕ್ಸೋಕೆ ಬಂದಿದ್ರು. ಮುಂದಿನ ವಾರ ಕರೆಸ್ತಿದೀನಿ, ನಿಮಗೋಸ್ಕರಾನೇ!"

ದೊಡ್ಡಮ್ಮ ಮನೆಗೆ ಬಂದವಳೇ, "ನಂಗೆ ಹೊಟ್ಟೆನೋವು ಅಂತ ಹೇಳ್ಬಿಡೇ" ಅಂದಳು.

"ಮುಂದಿನ ಭಾನುವಾರದ ಹೊಟ್ಟೆನೋವು ಈ ಭಾನುವಾರವೇ ಶುರುವಾಗುತ್ತಾ ದೊಡ್ಡಮ್ಮ?"

"ತಮಾಷೆ ಮಾಡ್ಬೇಡ. ಗೊತ್ತಾದ್ರೆ ಅವರೆಲ್ಲ ನನ್ನ ಸೇರಿಸ್ಕೊಳಲ್ಲ."

ಆದರೂ ಕರೆದುಕೊಂಡೇ ಹೋದೆ. ನಾನು ಸ್ವಲ್ಪ ಹಟಮಾರಿ.

ಡ್ರಮ್ಮರ್ ಸಣ್ಣಗೆ, ಸಪೂರವಾಗಿದ್ದ ಸಂಕೋಚದ ಮನುಷ್ಯ. ಅರವತ್ತೈದು ದಾಟಿರಬೇಕು. ಕುರ್ಚಿಯ ತುದಿಯಲ್ಲಿ ಕೂತು, "ನೀವು ಆವತ್ತು ಎಲ್ಲಿದ್ರಿ ಅಕ್ಕ?" ಎಂದು ಕೇಳಿದರು. ದೊಡ್ಡಮ್ಮನಿಗಿಂತ ಮೊದಲು ಫ್ರೇಮಣ್ಣನೇ, "ಮೂರನೇ ಸಾಲು!" ಎಂದು ಕೂಗಿದ.

ಅವರು ತಲೆ ಕೆರೆದುಕೊಂಡರು. "ಆವತ್ತು ಕುರ್ಚಿಗಳೇ ಇರ್ಲಿಲ್ಲವಲ್ಲ? ಬೆಳಗ್ಗೆನೇ ಎಲ್ಲ ತೆಗೆಸಿದ್ರು. ಜನ ನಿಂತೇ ನೋಡಿದ್ರು."

ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು. ನಾನೇನೋ ಹೇಳಿ ತಿಪ್ಪೆ ಸಾರಿಸಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕೈ ಒತ್ತಿ ಸುಮ್ಮನಾಗಿಸಿದಳು. ಕನ್ನಡಕಕ್ಕೆ ಕೈ ಹೋಗಲಿಲ್ಲ.

"ನಾನು ಒಳಗೆ ಬಂದೇ ಇಲ್ಲಪ್ಪ. ಯಾವತ್ತೂ ಬಂದಿಲ್ಲ. ಹೊರಗೆ ಚೀಲದ ಕೌಂಟರಲ್ಲಿದ್ದೆ. ನಿಮ್ಮ ಬೆನ್ನ ಹಿಂದಿನ ಗೋಡೆ ಇತ್ತಲ್ಲ, ಅದರ ಈಚೆ ಕಡೆ." ಕೈಚೀಲ ಮಡಿಲಿಗೆ ಎಳೆದುಕೊಂಡಳು. "ಸುಳ್ಳು ಹೇಳಿದ್ದು ತಪ್ಪು. ಮುಂದಿನ ವಾರದಿಂದ ಬರಲ್ಲ. ಆದ್ರೆ ಒಂದು ಮಾತು ಕೇಳ್ಲಾ? ಆವತ್ತು ನಿಮ್ಮ ಕಾಲಿಗೆ ಏನಾಗಿತ್ತು?"

"ಕಾಲಿಗಾ?"

"ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮು ಐದನೇ ಹಾಡಿನ ಮಧ್ಯೆ ನಿಂತುಹೋಯ್ತು. ಆಮೇಲೆ ಕೊನೇವರೆಗೂ ಬರ್ಲಿಲ್ಲ. ಆ ಏಟನ್ನೂ ನೀವು ಕೈಯಲ್ಲೇ ಪಕ್ಕದ ಡ್ರಮ್ಮಿನ ಮೇಲೆ ಹಾಕ್ತಿದ್ರಿ. ಪಾಪ, ಹುಡುಗನಿಗೆ ಕಾಲು ಉಳುಕಿರಬೇಕು, ನೋವಲ್ಲೇ ಬಾರಿಸ್ತಿದಾನೆ ಅಂತ ಗೋಡೆಗೆ ಕೈಯಿಟ್ಟು ಕೂತಿದ್ದೆ. ಮಾರನೇ ದಿನ ಕಾವಲಿನವನನ್ನೂ ಕೇಳ್ದೆ, ಯಾರಿಗಾದ್ರೂ ಪೆಟ್ಟಾಯ್ತಾ ಅಂತ. ಅವನಿಗೇನೂ ಗೊತ್ತಿರ್ಲಿಲ್ಲ."

ಡ್ರಮ್ಮರ್ ಅವಳ ಕಡೆಗೆ ಬಾಗಿದರು.

"ಆ ಡ್ರಮ್ಮಿಗೆ ಕಾಲಲ್ಲಿ ತುಳಿಯೋ ಪೆಡಲ್ ಮುರಿದಿತ್ತು ಅಕ್ಕ. ಕಾಲು ಚೆನ್ನಾಗೇ ಇತ್ತು. ಏಳು ಹಾಡು ಹೇಗೆ ನಿಭಾಯಿಸಿದೆನೋ ದೇವರಿಗೇ ಗೊತ್ತು. ಇಳಿದು ಬಂದು ನಮ್ಮವರಿಗೆ ಹೇಳಿದ್ರೆ, ಹೌದಾ, ಗೊತ್ತೇ ಆಗ್ಲಿಲ್ಲ ಅಂದ್ರು. ಪಕ್ಕದಲ್ಲೇ ಇದ್ದೋರಿಗೇ ಗೊತ್ತಾಗಿರ್ಲಿಲ್ಲ."

ಫ್ರೇಮಣ್ಣ ಮೂಗು ಸೀಟಿದ. ಅವನ ಕಟ್ಟುನಿಟ್ಟೆಲ್ಲ ಎಲ್ಲಿ ಹೋಯಿತೋ!

ಡ್ರಮ್ಮರ್ ತಮ್ಮ ಕುರ್ಚಿಯನ್ನು ಎಳೆದುಕೊಂಡು ದೊಡ್ಡಮ್ಮನ ಎದುರಿಗೇ ಬಂದು ಕೂತರು. "ಆವತ್ತಿಂದು ಯಾರೂ ರೆಕಾರ್ಡ್ ಮಾಡಿಲ್ಲ ಅಕ್ಕ. ನಂಗೂ ಎಲ್ಲ ಮರೆತುಹೋಗಿದೆ. ಆರನೇ ಹಾಡಲ್ಲಿ ನಾನು ಏನು ಬಾರಿಸ್ದೆ, ಸ್ವಲ್ಪ ಹೇಳ್ತೀರಾ?"